ಕೈಗೆ ಒದಗುವ ಭಾರ

ಮೈಸೂರಿನಲ್ಲಿ ಯಾರ ಮನೆಗೆ ಹೋದರೂ ಮೆಟ್ಟಿಲ ಕೆಳಗಿನ ಮೂಲೆಯನ್ನು ಒಮ್ಮೆ ಬಗ್ಗಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಅಲ್ಲಿ ಒಂದಾದರೂ ಸೈಕಲ್ ಇರುತ್ತದೆ. ಗಾಳಿ ಇಳಿದ ಟೈರು, ಕೆಂಪಗೆ ತುಕ್ಕು ಹಿಡಿದ ಚೈನು, ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಾದಷ್ಟು ಧೂಳು. ಮಕ್ಕಳು ಬೆಳೆದ ಮೇಲೆ ಉಳಿದುಹೋದ ಸೈಕಲ್‌ಗಳ ಮಾತಲ್ಲ ಇದು. ಐವತ್ತರ ಆಸುಪಾಸಿನಲ್ಲಿ, ವೈದ್ಯರು ಹೇಳಿದರೆಂದೋ ತಮಗೇ ಆಸೆ ಹುಟ್ಟಿತೆಂದೋ, ಇಪ್ಪತ್ತು ಮೂವತ್ತು ಸಾವಿರ ಕೊಟ್ಟು ತಂದ ಒಳ್ಳೆಯ ಗೇರ್ ಸೈಕಲ್‌ಗಳ ಮಾತು. ಏಕೆ ಬಿಟ್ಟಿರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಸೋಮಾರಿತನ. ಆ ಉತ್ತರವನ್ನು ನಾನು ನಂಬುವುದಿಲ್ಲ. ಬೆಳಗಿನ ಜಾವ ಎದ್ದು ಕುಕ್ಕರಹಳ್ಳಿ ಕೆರೆಯನ್ನು ಸುತ್ತುವವರು, ಆಷಾಢದ ಶುಕ್ರವಾರ ನೂಕುನುಗ್ಗಲಿನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬರುವವರು ಸೈಕಲ್ ವಿಷಯಕ್ಕೆ ಬಂದಾಗ ಮಾತ್ರ ಸೋಮಾರಿಗಳಾಗುವುದು ಹೇಗೆ?

ನಾನು ಗಮನಿಸಿದ್ದನ್ನು ಹೇಳುತ್ತೇನೆ. ಅವರು ಬಿಟ್ಟದ್ದು ತುಳಿಯುವುದು ಕಷ್ಟವಾಗಿ ಅಲ್ಲ, ಹೊರಡುವುದು ಕಷ್ಟವಾಗಿ. ಒತ್ತೊತ್ತಾಗಿ ನಿಂತ ಸ್ಕೂಟರುಗಳ ನಡುವಿನಿಂದ ಸೈಕಲ್ಲಿನ ಹಿಂಬದಿ ಎತ್ತಿ ಹೊರಳಿಸಬೇಕು, ನಾಲ್ಕು ಮೆಟ್ಟಿಲು ಇಳಿಸಬೇಕು, ಗೇಟಿನ ಹೊಸ್ತಿಲು ದಾಟಿಸಬೇಕು. ವಾಪಸು ಬಂದಾಗ ದಣಿದ ಮೈಯಲ್ಲಿ ಅದೇ ಕೆಲಸ ತಿರುವುಮುರುವಾಗಿ. ಕೆಳಗೆ ಇಟ್ಟರೆ ಕಳ್ಳರ ಭಯ, ಮೇಲೆ ಒಯ್ಯೋಣವೆಂದರೆ ಲಿಫ್ಟ್ ಇಲ್ಲ. ಇದ್ದರೂ ಅದರಲ್ಲಿ ಸೈಕಲ್ ತುಂಬಿದರೆ ಪಕ್ಕದ ಮನೆಯವರ ಮುಖ ಗಂಟಾಗುತ್ತದೆ. ಕೆಲವು ವಾರ ಈ ಶ್ರಮವನ್ನು ಉತ್ಸಾಹ ಹೊತ್ತುಕೊಳ್ಳುತ್ತದೆ. ಆಮೇಲೆ ಒಂದು ದಿನ ಬೆನ್ನು ಹಿಡಿದುಕೊಳ್ಳುತ್ತದೆ, ಅಲ್ಲಿಗೆ ಮುಗಿಯಿತು. ಸೈಕಲ್ ಕೊಳ್ಳುವ ಹೊತ್ತಿನಲ್ಲಿ ಗೇರ್ ಎಷ್ಟು, ಬ್ರೇಕ್ ಯಾವುದು, ಬಣ್ಣ ಯಾವುದು ಎಂದೆಲ್ಲ ಕೇಳುವ ನಾವು, ಇದನ್ನು ದಿನವೂ ಎತ್ತುವವರು ಯಾರು ಎಂದು ಕೇಳುವುದಿಲ್ಲ.

ನಾನು ಹಗುರವಾದ ಕಾರ್ಬನ್ ಫ್ರೇಮಿನ, ನೇರ ಹ್ಯಾಂಡಲ್‌ನ ಹೈಬ್ರಿಡ್ (ರೇಸ್ ಸೈಕಲ್ಲಿಗೂ ಮಾಮೂಲಿ ಸೈಕಲ್ಲಿಗೂ ನಡುವಿನ) ಸೈಕಲ್ ಬೇಕೆಂದು ಹುಡುಕಲು ಹೊರಟದ್ದು ಈ ಪ್ರಶ್ನೆಯ ಬೆನ್ನು ಹತ್ತಿ. ನಾನಿರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ಬಲ ಭುಜ ಒಮ್ಮೆ ಪೂರ್ತಿ ಬಿಗಿದುಕೊಂಡು, ತಲೆ ಬಾಚಿಕೊಳ್ಳಲೂ ಆಗದೆ ತಿಂಗಳುಗಟ್ಟಲೆ ನರಳಿಸಿ ಈಗ ಸಡಿಲವಾಗಿದೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ನಲವತ್ತರಿಂದ ಅರವತ್ತರ ನಡುವಿನ ಹೆಂಗಸರಲ್ಲಿ. ಕಾಲು ಮಾತ್ರ ಗಟ್ಟಿಯಾಗಿದೆ, ತುಳಿಯುವ ಆಸೆ ಅದಕ್ಕಿಂತ ಗಟ್ಟಿಯಾಗಿದೆ.

ಕಾಲು ಭಾಗ

ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು ನಾನು. ಹೀಗಾಗಿ ಅಂಗಡಿಗೆ ಹೋಗುವ ಮೊದಲು ಲೆಕ್ಕ ಮಾಡಿದೆ. ನನ್ನ ತೂಕ 58 ಕಿಲೋ. ಮುಂದೆ ಸಸ್ಪೆನ್ಷನ್ (ಕುಲುಕು ತಡೆಯುವ ಸ್ಪ್ರಿಂಗು) ಇದ್ದ, ಅಲ್ಯುಮಿನಿಯಂ ಫ್ರೇಮಿನ ಹಳೆಯ ಸೈಕಲ್ಲನ್ನು ಲಗೇಜು ತೂಗುವ ಕೊಕ್ಕೆಗೆ ನೇತುಹಾಕಿದಾಗ ಬಂದದ್ದು 14.5 ಕಿಲೋ. ನನ್ನ ದೇಹದ ಸರಿಯಾಗಿ ಕಾಲು ಭಾಗ. ಟೂರ್ ಡಿ ಫ್ರಾನ್ಸ್‌ನಂಥ ಸ್ಪರ್ಧೆಗಳಲ್ಲಿ ಸೈಕಲ್ 6.8 ಕಿಲೋಗಿಂತ ಹಗುರವಾಗಿರಕೂಡದು ಎಂಬ ನಿಯಮವನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಲ್ಲಿ ಜಾರಿಗೆ ತಂದಿತು. ಎಪ್ಪತ್ತು ಕಿಲೋ ತೂಗುವ ಸ್ಪರ್ಧಿಗೆ ಆ ಸೈಕಲ್ ಅವನ ತೂಕದ ಹತ್ತನೇ ಒಂದು ಭಾಗವೂ ಅಲ್ಲ. ಅದೇ ಪ್ರಮಾಣದ ಅನುಕೂಲ ನನಗೂ ಸಿಗಬೇಕಾದರೆ ನನ್ನ ಸೈಕಲ್ ಆರು ಕಿಲೋಗಿಂತಲೂ ಕಡಿಮೆ ತೂಗಬೇಕು. ಜಗತ್ತಿನ ಅತ್ಯಂತ ಬಲಿಷ್ಠ ಕಾಲುಗಳ ಕೆಳಗೆ ಅತ್ಯಂತ ಹಗುರ ಸೈಕಲ್ ಇರುತ್ತದೆ, ನಮ್ಮಂಥವರ ಕೈಗೆ ಅತ್ಯಂತ ಭಾರದ್ದು ಬರುತ್ತದೆ. ಈ ವ್ಯವಸ್ಥೆಯನ್ನು ಯಾರೂ ವಿಚಿತ್ರವೆಂದು ಭಾವಿಸಿದ ಹಾಗೆ ಕಾಣುವುದಿಲ್ಲ.

ಬೆಟ್ಟದ ಲೆಕ್ಕ ಇನ್ನೂ ಸ್ಪಷ್ಟ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಬುಡದಿಂದ ತುದಿಗೆ ಸುಮಾರು 270 ಮೀಟರ್ ಏರು ಎಂದು ಹಿಡಿಯೋಣ. ನನ್ನ ಹಳೆಯ ಸೈಕಲ್ಲಿಗೂ ಹತ್ತು ಕಿಲೋ ಸೈಕಲ್ಲಿಗೂ ಇರುವ ಅಂತರ ನಾಲ್ಕೂವರೆ ಕಿಲೋ. ಆ ಹೆಚ್ಚುವರಿ ಭಾರವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಹತ್ತಿರ ಹತ್ತಿರ 12,000 ಜೂಲ್ ಶಕ್ತಿ ಬೇಕು. ಒಬ್ಬ ಪಳಗಿದ ಸ್ಪರ್ಧಿ ಸೆಕೆಂಡಿಗೆ 300 ಜೂಲ್ ಕೊಡಬಲ್ಲ. ಅವನಿಗೆ ಈ ಭಾರದಿಂದ ಆಗುವ ನಷ್ಟ ನಲವತ್ತು ಸೆಕೆಂಡು. ನಾನು ಏದುಸಿರು ಬಿಡುತ್ತಾ ನೂರು ಜೂಲ್ ಕೊಡಬಲ್ಲೆ. ನನಗೆ ಎರಡು ನಿಮಿಷ. ಶಕ್ತಿ ಎಷ್ಟು ಕಡಿಮೆಯೋ ಅದೇ ಕಿಲೋ ಅಷ್ಟು ಹೆಚ್ಚು ಹೊತ್ತು ಕಾಡುತ್ತದೆ. ಮೂರು ಪಟ್ಟು ದುರ್ಬಲರಿಗೆ ಮೂರು ಪಟ್ಟು ಹೊತ್ತು. ಹಗುರ ಸೈಕಲ್ ವೇಗವಾಗಿ ಹೋಗುವವರಿಗೆ ಎಂಬ ಮಾತನ್ನು ಈ ಒಂದು ಭಾಗಾಕಾರ ಅಡಿಮೇಲು ಮಾಡುತ್ತದೆ.

ಆದರೆ ಮೆಟ್ಟಿಲಿನ ವಿಷಯದಲ್ಲಿ ನಾನು ಕಲಿಸಿದ ಭೌತಶಾಸ್ತ್ರ ಪೂರ್ತಿ ನೆರವಿಗೆ ಬರುವುದಿಲ್ಲ. ಎರಡು ಮಹಡಿ ಎಂದರೆ ಆರೇಳು ಮೀಟರ್, ಸೈಕಲ್ಲನ್ನು ಅಲ್ಲಿಗೆ ಎತ್ತುವ ಕೆಲಸ ಸಾವಿರ ಜೂಲ್ ಕೂಡ ಇಲ್ಲ. ಒಂದು ಬಿಸ್ಕತ್ತು ಕೊಡುವ ಶಕ್ತಿಯ ಮುಂದೆ ಅದು ಏನೇನೂ ಅಲ್ಲ. ಕಷ್ಟವಿರುವುದು ಎತ್ತುವುದರಲ್ಲಿ ಅಲ್ಲ, ಎತ್ತಿ ಹಿಡಿದುಕೊಂಡೇ ಇರುವುದರಲ್ಲಿ. ಪುಸ್ತಕದ ಪ್ರಕಾರ ಭಾರವನ್ನು ಸುಮ್ಮನೆ ಹಿಡಿದು ನಿಂತವರು ಯಾವ ಕೆಲಸವನ್ನೂ ಮಾಡುತ್ತಿಲ್ಲ. ಸ್ನಾಯುವಿನ ಪ್ರಕಾರ ಅದು ಕ್ಷಣಕ್ಷಣಕ್ಕೂ ಉರಿಯುತ್ತಿರುತ್ತದೆ. ಒಂದೇ ತೋಳಿನಲ್ಲಿ, ಮೈಯಿಂದ ದೂರ ಹಿಡಿದು, ತಿರುವಿನಲ್ಲಿ ಗೋಡೆಗೆ ಹ್ಯಾಂಡಲ್ ತಾಗದಂತೆ ನೋಡಿಕೊಂಡು ಹತ್ತುವಾಗ ಹತ್ತು ಕಿಲೋಗೂ ಹದಿನೈದು ಕಿಲೋಗೂ ಇರುವ ಅಂತರ ಐದು ಕಿಲೋ ಅಲ್ಲ. ಒಂದೇ ಉಸಿರಿಗೆ ಮನೆ ಸೇರುವುದಕ್ಕೂ ನಡುವೆ ಇಳಿಸಿ ಭುಜ ಒತ್ತಿಕೊಳ್ಳುವುದಕ್ಕೂ ಇರುವ ಅಂತರ.

ಅಪ್ಪ ಸೈಕಲ್ ಬಿಟ್ಟದ್ದು

ತಿ. ನರಸೀಪುರದ ಕಡೆಯ ನಮ್ಮ ಊರಿನಿಂದ ಅಪ್ಪ ಪಾಠ ಹೇಳುತ್ತಿದ್ದ ಶಾಲೆಗೆ ಎರಡು ದಾರಿಗಳಿದ್ದವು. ರಸ್ತೆ ಹಿಡಿದರೆ ದೊಡ್ಡ ಸುತ್ತು. ಗದ್ದೆಯ ಬದುವಿನ ದಾರಿ ಹತ್ತಿರ, ಆದರೆ ನಡುವೆ ನಾಲೆ. ಅದರ ಮೇಲೆ ಹಾಸಿದ್ದ ಚಪ್ಪಡಿ ಕಲ್ಲುಗಳು ಒಂದು ಕಡೆ ಕುಸಿದು ಓರೆಯಾಗಿದ್ದವು. ಸೈಕಲ್ ತಳ್ಳಿಕೊಂಡು ದಾಟಲು ಆಗುತ್ತಿರಲಿಲ್ಲ. ಅಪ್ಪ ಪಂಚೆಯನ್ನು ಮೊಣಕಾಲ ಮೇಲೆ ಕಟ್ಟಿ, ಫ್ರೇಮಿನೊಳಗೆ ಬಲತೋಳು ತೂರಿಸಿ, ಸೈಕಲ್ಲನ್ನು ಭುಜಕ್ಕೇರಿಸಿ ದಾಟುತ್ತಿದ್ದರು. ಆ ಕಪ್ಪು ಸೈಕಲ್ ನಿಮಗೆಲ್ಲ ಗೊತ್ತಿರುವುದೇ: ಸರಳಿನ ಬ್ರೇಕು, ಚೈನಿಗೆ ತಗಡಿನ ಹೊದಿಕೆ, ಅಗಲದ ಕ್ಯಾರಿಯರ್, ಹಿಂದೆ ಜೋಡಿ ಕಾಲಿನ ಸ್ಟ್ಯಾಂಡು. ಇಪ್ಪತ್ತು ಕಿಲೋಗೆ ಕಡಿಮೆ ಇರಲಿಲ್ಲ. ರಜೆಯಲ್ಲಿ ಅವರ ಜೊತೆ ಹೋಗುತ್ತಿದ್ದ ನಾನು ಟಿಫಿನ್ ಕ್ಯಾರಿಯರ್ ಹಿಡಿದು ಹಿಂದೆ ನಡೆಯುತ್ತಿದ್ದೆ. ಅವರ ಕುತ್ತಿಗೆಯ ಪಕ್ಕದಲ್ಲಿ ಮುಂಗಾಲಿ ತಾನಾಗಿ ತಿರುಗುತ್ತಿದ್ದುದು, ದಾಟಿದ ಮೇಲೆ ಅವರು ಸೈಕಲ್ ಇಳಿಸಿ, ಏನೂ ಆಗದವರಂತೆ ಅಂಗಿಯ ಭುಜದ ಮೇಲಿನ ಎಣ್ಣೆ ಮಣ್ಣನ್ನು ಕೊಡವಿಕೊಳ್ಳುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಾನು ಬಿಎಸ್‌ಸಿ ಓದುತ್ತಿದ್ದ ಹೊತ್ತಿಗೆ ಅವರು ಸುತ್ತಿನ ದಾರಿ ಹಿಡಿದಿದ್ದರು. ಒಂದೆರಡು ವರ್ಷಗಳಲ್ಲಿ ಸೈಕಲ್ಲನ್ನೇ ಬಿಟ್ಟು ಬಸ್ಸಿಗೆ ಕಾಯತೊಡಗಿದರು. ಮನೆಯ ಜಗುಲಿಯೂ ಎತ್ತರ. ಸಂಜೆ ಸೈಕಲ್ಲನ್ನು ಅದರ ಮೇಲೆ ಹತ್ತಿಸುವುದು ಅವರಿಗೆ ಆಗುತ್ತಿರಲಿಲ್ಲ, ಮಗಳನ್ನೋ ಪಕ್ಕದ ಮನೆಯ ಹುಡುಗನನ್ನೋ ಕೂಗಬೇಕಿತ್ತು. ಅಮ್ಮ "ವಯಸ್ಸಾಯಿತು ನಿಮಗೆ" ಎಂದಾಗ ಅವರು ಹೇಳಿದ ಮಾತು ನೆನಪಿದೆ: "ಕಾಲಿಗೇನೂ ಆಗಿಲ್ಲ ಕಣೇ. ತೋಳು ಒಪ್ಪುವುದಿಲ್ಲ." ಬಸ್ಸು ತಪ್ಪಿದ ದಿನ ಅದೇ ಐದಾರು ಮೈಲಿಯನ್ನು ನಡೆದೇ ಬರುತ್ತಿದ್ದ ಮನುಷ್ಯ ಅವರು.

ಆ ಸೈಕಲ್ಲಿನ ಭಾರವನ್ನು ನಾನು ಹಳಿಯುವುದಿಲ್ಲ. ಅದು ಎರಡು ಮೂಟೆ ರಾಗಿ ಹೊತ್ತಿದೆ, ಹಿಂದೆ ಅಮ್ಮ ಮುಂದೆ ನಾನು ಕುಳಿತಾಗಲೂ ಕುಂಯ್ ಎಂದಿಲ್ಲ. ಎಲ್ಲೇ ಮುರಿದರೂ ವೆಲ್ಡಿಂಗ್ ಮಾಡುವವನೊಬ್ಬನಿದ್ದರೆ ಸಾಕು. ಆ ಕಾಲದ ರಸ್ತೆಗೆ, ಆ ಕಾಲದ ಹೊರೆಗೆ ಅಷ್ಟು ಉಕ್ಕು ಬೇಕೇ ಇತ್ತು. ಈಗ ನಾನು ಮೂಟೆ ಹೊರುವುದಿಲ್ಲ. ಹೊರುವುದು ನನ್ನನ್ನು, ಒಂದು ನೀರಿನ ಬಾಟಲಿಯನ್ನು, ಮಾರುಕಟ್ಟೆಯಿಂದ ತರುವ ಸೊಪ್ಪನ್ನು. ಇಷ್ಟಕ್ಕೂ ಅಷ್ಟೇ ಭಾರ ಏಕೆ ಬೇಕು?

ಬಾಗುವವರಿಗೆ ಮಾತ್ರವೇ?

ಅಂಗಡಿಯ ಹುಡುಗ ಒಳ್ಳೆಯವನು, ಕೆಲಸ ಬಲ್ಲವನು. ಆದರೆ ಕಾರ್ಬನ್ ಫ್ರೇಮ್, ನೇರ ಹ್ಯಾಂಡಲ್ ಎಂದು ಒಂದೇ ಉಸಿರಿನಲ್ಲಿ ಹೇಳಿದಾಗ ಅವನ ಮುಖದಲ್ಲಿ ಗೊಂದಲ. "ಮೇಡಂ, ಕಾರ್ಬನ್‌ಗೆ ಅಷ್ಟು ದುಡ್ಡು ಹಾಕುವುದಾದರೆ ರೋಡ್ ಬೈಕ್ ತೆಗೆದುಕೊಳ್ಳಿ. ನೇರ ಹ್ಯಾಂಡಲ್ ಬೇಕಾದರೆ ಅಲ್ಯುಮಿನಿಯಂ ಸಾಕು" ಎಂದ. ರೋಡ್ ಬೈಕ್ ಎಂದರೆ ರೇಸ್ ಸೈಕಲ್. ಗೋಡೆಯುದ್ದಕ್ಕೂ ತೂಗುಹಾಕಿದ್ದ ಹಗುರ ಸೈಕಲ್‌ಗಳೆಲ್ಲ ಟಗರಿನ ಕೊಂಬಿನ ಹಾಗೆ ಕೆಳಗೆ ಸುರುಳಿಯಾದ ಹ್ಯಾಂಡಲ್‌ನವು. ಬೆರಳಲ್ಲಿ ಎತ್ತಬಹುದಾದ್ದು ಬೇಕಿದ್ದರೆ ಬೆನ್ನು ಬಾಗಿಸಬೇಕು, ನೆಟ್ಟಗೆ ಕುಳಿತುಕೊಳ್ಳಬೇಕಿದ್ದರೆ ಭಾರ ಎತ್ತಬೇಕು. ನನ್ನ ಜೊತೆಗೆ ಬಂದಿದ್ದ ಅಣ್ಣನ ಮಗ, ಅವನೂ ರೇಸ್ ಸೈಕಲ್ ತುಳಿಯುವವನು, ಇನ್ನೊಂದು ದಾರಿ ಸೂಚಿಸಿದ: "ಅತ್ತೆ, ರೋಡ್ ಬೈಕ್ ತಗೊಂಡು ಆಮೇಲೆ ಹ್ಯಾಂಡಲ್ ಬದಲಾಯಿಸಿಕೊಳ್ಳಿ."

ಕೇಳಲು ಸುಲಭವಾದ ಈ ಸಲಹೆ ನಡೆಯುವುದಿಲ್ಲ. ರೋಡ್ ಬೈಕಿನಲ್ಲಿ ಗೇರ್ ಮತ್ತು ಬ್ರೇಕಿನ ಹಿಡಿಗಳು ಒಂದರಲ್ಲೇ ಕೂಡಿಕೊಂಡಿರುತ್ತವೆ. ಹ್ಯಾಂಡಲ್ ನೇರ ಮಾಡಿದರೆ ಅವನ್ನು ಪೂರ್ತಿ ತೆಗೆದು ಬೇರೆಯವನ್ನು ಹಾಕಬೇಕು, ಅವು ಹಿಂದಿನ ಗೇರ್ ಯಂತ್ರಕ್ಕೂ ಬ್ರೇಕಿಗೂ ಹೊಂದಬೇಕು. ಅದಕ್ಕಿಂತ ಮುಖ್ಯವಾದ್ದು ಅಳತೆ. ಸುರುಳಿ ಹ್ಯಾಂಡಲ್ ಮುಂದಕ್ಕೆ ಚಾಚಿಕೊಂಡಿರುವುದರಿಂದ ಆ ಫ್ರೇಮುಗಳನ್ನು ತುಸು ಗಿಡ್ಡವಾಗಿ ಮಾಡಿರುತ್ತಾರೆ. ಅದಕ್ಕೆ ನೇರ ಹ್ಯಾಂಡಲ್ ಹಾಕಿದರೆ ಮೊಣಕೈ ಹೊಟ್ಟೆಗೆ ಬರುತ್ತದೆ. ನೇರ ಹ್ಯಾಂಡಲ್‌ಗೆಂದೇ ಮಾಡಿದ ಫ್ರೇಮ್ ಉದ್ದವಾಗಿರುತ್ತದೆ, ಮುಂಭಾಗ ಎತ್ತರವಾಗಿರುತ್ತದೆ. ಅಂಥ ಕಾರ್ಬನ್ ಫ್ರೇಮುಗಳು ಇಲ್ಲದೇ ಇಲ್ಲ. ಟ್ರೆಕ್‌ನ ಎಫ್ಎಕ್ಸ್ ಸ್ಪೋರ್ಟ್ ಸಾಲಿನಲ್ಲಿ, ಸ್ಪೆಷಲೈಸ್ಡ್‌ನ ಸಿರಸ್ ಸಾಲಿನ ಮೇಲ್ದರ್ಜೆಯಲ್ಲಿ, ಜೈಂಟ್‌ನ ಫಾಸ್ಟ್‌ರೋಡ್ ಅಡ್ವಾನ್ಸ್ಡ್‌ನಲ್ಲಿ ಇವನ್ನು ಮಾಡಿದ್ದಾರೆ. ನಮ್ಮ ಅಂಗಡಿಗಳ ಗೋಡೆಯ ಮೇಲೆ ಕಾಣುವುದು ಅಪರೂಪ, ಅಷ್ಟೇ.

ನೇರ ಹ್ಯಾಂಡಲ್ ಏಕೆ ಬೇಕು ಎಂಬುದಕ್ಕೆ ನನ್ನ ಉತ್ತರ ನಮ್ಮ ಊರಿನ ವೃತ್ತಗಳಲ್ಲಿದೆ. ಮೈಸೂರಿನಲ್ಲಿ ಎತ್ತ ಹೊರಟರೂ ವೃತ್ತಗಳನ್ನು ಸುತ್ತಲೇಬೇಕು. ಅಲ್ಲಿ ಎಡದಿಂದ ಆಟೊ, ಬಲದಿಂದ ಸಿಟಿ ಬಸ್ಸು, ನಡುವೆ ಯಾವ ನಿಯಮಕ್ಕೂ ಒಳಪಡದ ಹಸು. ಕುತ್ತಿಗೆ ಹೊರಳಿಸಿ ಹಿಂದೆ ನೋಡಬೇಕು, ಎದುರಿನವರ ಕಣ್ಣಿಗೆ ಕಣ್ಣು ಕೊಡಬೇಕು, ಒಂದು ಕೈ ಎತ್ತಿ ಸನ್ನೆ ಮಾಡಬೇಕು, ಇನ್ನೊಂದು ಕೈಯ ಎರಡು ಬೆರಳು ಸದಾ ಬ್ರೇಕಿನ ಮೇಲಿರಬೇಕು. ಅಭ್ಯಾಸವಿದ್ದವರಿಗೆ ಬಾಗಿದ ಹ್ಯಾಂಡಲ್‌ನಲ್ಲೂ ಇದೆಲ್ಲ ಸಾಧ್ಯ, ಅಣ್ಣನ ಮಗ ಮಾಡುವುದನ್ನು ನೋಡಿದ್ದೇನೆ. ನನ್ನ ಕುತ್ತಿಗೆಗೆ, ನನ್ನ ಭುಜಕ್ಕೆ ಅದು ಸಾಧ್ಯವಿಲ್ಲ. ನೆಟ್ಟಗೆ ಕುಳಿತಾಗ ಬೀದಿ ನನಗೆ ಕಾಣುತ್ತದೆ, ನಾನು ಬೀದಿಗೆ ಕಾಣುತ್ತೇನೆ.

ಇದಕ್ಕೆ ಬೆಲೆ ತೆರಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನೆಟ್ಟಗೆ ಕುಳಿತವರ ಎದೆಗೆ ಗಾಳಿ ಹೆಚ್ಚು. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಹೋಗುವವರಿಗೆ ಬಾಗುವುದೇ ದಾರಿ. ಹದಿನೆಂಟು ಇಪ್ಪತ್ತರಲ್ಲಿ ಹೋಗುವ ನನಗೆ ನಷ್ಟ ತಾಳಿಕೊಳ್ಳಬಹುದಾದಷ್ಟು. ಆಷಾಢದ ಗಾಳಿಗೆ ಎದುರಾಗಿ ಶ್ರೀರಂಗಪಟ್ಟಣದ ಕಡೆಯಿಂದ ವಾಪಸು ಬರುವಾಗ ಮಾತ್ರ ತಾಳ್ಮೆ ಬೇಕಾಗುತ್ತದೆ. ಕೈಯನ್ನು ಒಂದೇ ಭಂಗಿಯಲ್ಲಿ ಇಡಬೇಕಾದ್ದರಿಂದ ಒಂದು ಗಂಟೆಯ ಮೇಲೆ ಕಿರುಬೆರಳು ಜೋಮು ಹಿಡಿಯುವುದೂ ಉಂಟು. ಅಂಗೈ ಒರಗಿಸಲು ರೆಕ್ಕೆಯಂತೆ ಅಗಲವಾದ ಹಿಡಿಗಳು ಸಿಗುತ್ತವೆ, ಅವನ್ನು ಹಾಕಿಸಿದೆ. ಹ್ಯಾಂಡಲ್‌ನ ಅಗಲವನ್ನೂ ನೋಡಬೇಕು. ಗಂಡಸರ ಭುಜಕ್ಕೆಂದು ಮಾಡಿದ ಅಗಲ ನನಗೆ ಹೆಚ್ಚಾಯಿತು. ಲೋಹದ ಹ್ಯಾಂಡಲ್ ಆದ್ದರಿಂದ ಎರಡೂ ತುದಿಗಳಲ್ಲಿ ಸ್ವಲ್ಪ ಸ್ವಲ್ಪ ಕತ್ತರಿಸಿಕೊಟ್ಟರು. ಮಣಿಕಟ್ಟಿನ ನೋವು ಅಲ್ಲಿಗೆ ಹೋಯಿತು. ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ: ನೇರ ಹ್ಯಾಂಡಲ್‌ನ ಗೇರ್ ಹಿಡಿಗಳು ಕೂಡುಹಿಡಿಗಳಿಗಿಂತ ಅಗ್ಗ. ಉಳಿದ ಹಣ ಒಳ್ಳೆಯ ಚಕ್ರಕ್ಕೆ ಆಗುತ್ತದೆ.

ಕಾರ್ಬನ್ ಎಂಬ ಬಟ್ಟೆ

ಕಾರ್ಬನ್ ಫ್ರೇಮ್ ಎಂದರೆ ನೇಯ್ದು ಅಂಟಿನಲ್ಲಿ ಗಟ್ಟಿ ಮಾಡಿದ ಬಟ್ಟೆ ಎಂದುಕೊಳ್ಳುವುದು ತಪ್ಪಲ್ಲ. ಕೂದಲಿಗಿಂತ ಹತ್ತು ಪಟ್ಟು ತೆಳುವಾದ ಎಳೆಗಳನ್ನು ಎಪಾಕ್ಸಿ ರಾಳದಲ್ಲಿ ತೊಯ್ಸಿ, ಹಾಳೆಗಳಾಗಿ ಕತ್ತರಿಸಿ, ಅಚ್ಚಿನೊಳಗೆ ಒಂದರ ಮೇಲೊಂದು ಹಾಸಿ, ಒಳಗಿನಿಂದ ಗಾಳಿಯ ಒತ್ತಡ ಕೊಟ್ಟು ಬಿಸಿಯಲ್ಲಿ ಬೇಯಿಸುತ್ತಾರೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಅಲ್ಯುಮಿನಿಯಂ 2.7, ಕಾರ್ಬನ್ 1.6 ಗ್ರಾಂ. ಇದರ ಚಮತ್ಕಾರ ತೂಕಕ್ಕಿಂತ ದಿಕ್ಕಿನಲ್ಲಿದೆ. ಲೋಹ ಎಲ್ಲ ದಿಕ್ಕಿಗೂ ಒಂದೇ ಬಲ ತೋರಿಸುತ್ತದೆ. ಎಳೆ ತನ್ನ ಉದ್ದಕ್ಕೆ ಮಾತ್ರ ಬಲಶಾಲಿ. ಹೀಗಾಗಿ ಪೆಡಲ್ ಒತ್ತುವ ಕಡೆ ತಿರುಚದಂತೆ, ಸೀಟಿನ ಕೆಳಗೆ ತುಸು ಬಳುಕುವಂತೆ ಪದರಗಳನ್ನು ಹಾಸಬಹುದು. 1986ರಲ್ಲಿ ಗ್ರೆಗ್ ಲೆಮಾಂಡ್ ಕಾರ್ಬನ್ ಫ್ರೇಮಿನ ಮೇಲೆ ಟೂರ್ ಡಿ ಫ್ರಾನ್ಸ್ ಗೆದ್ದಾಗ ಅದು ಹೊಸ ಮಾತಾಗಿತ್ತು. ಈಗ ಆ ವಿದ್ಯೆ ಸೊಪ್ಪು ತರುವ ಸೈಕಲ್‌ವರೆಗೆ ಇಳಿದು ಬಂದಿದೆ ಎಂಬುದೇ ನನಗೆ ಸಂತೋಷದ ವಿಷಯ.

ಆದರೆ ಅಂಗಡಿಯಲ್ಲಿ ಕಾರ್ಬನ್ ಎಂಬ ಪದ ಕಂಡ ಕೂಡಲೇ ಕೈ ಜೇಬಿಗೆ ಹೋಗಬಾರದು. ಜಾಹೀರಾತುಗಳಲ್ಲಿ ಬರುವ 'ಹೈ ಕಾರ್ಬನ್ ಸ್ಟೀಲ್' ಎಂಬುದು ಅಪ್ಪಟ ಉಕ್ಕು. ಅದರ ಸೈಕಲ್ ಹದಿನೇಳು ಹದಿನೆಂಟು ಕಿಲೋ ತೂಗಿದರೆ ಆಶ್ಚರ್ಯವಿಲ್ಲ. 'ಕಾರ್ಬನ್ ಫೋರ್ಕ್' ಎಂದಿದ್ದರೆ ಮುಂಗಾಲಿಯನ್ನು ಹಿಡಿಯುವ ಕವಲು ಮಾತ್ರ ಕಾರ್ಬನ್, ಫ್ರೇಮ್ ಅಲ್ಯುಮಿನಿಯಂ. ಇದು ಮೋಸವಲ್ಲ, ಬಹಳ ಜನರಿಗೆ ಅದೇ ಸರಿಯಾದ ಆಯ್ಕೆ. ಲೆಕ್ಕ ನೋಡಿ: ಒಳ್ಳೆಯ ಅಲ್ಯುಮಿನಿಯಂ ಫ್ರೇಮ್ ಒಂದೂವರೆ ಕಿಲೋ ಮೇಲ್ಪಟ್ಟು ತೂಗುತ್ತದೆ, ಕಾರ್ಬನ್‌ನದು ಒಂದು ಕಿಲೋ ಚಿಲ್ಲರೆ. ಅಂತರ ಅರ್ಧ ಕಿಲೋ ಆಸುಪಾಸು. ಅಗ್ಗದ ಸಸ್ಪೆನ್ಷನ್ ಫೋರ್ಕ್ ಒಂದೇ ಎರಡು ಕಿಲೋ ಮೀರುತ್ತದೆ, ಕಾರ್ಬನ್ ಫೋರ್ಕ್ ಅರ್ಧ ಕಿಲೋ. ಅಂದರೆ ಹಗುರತನದ ದೊಡ್ಡ ಪಾಲು ಬರುವುದು ಸಸ್ಪೆನ್ಷನ್ ಬಿಡುವುದರಿಂದ. ಫ್ರೇಮಿಗೆ ಲಕ್ಷ ಸುರಿಯುವ ಮೊದಲು ಇದನ್ನು ತಿಳಿದಿರಬೇಕು. ಹತ್ತೂವರೆ ಹನ್ನೊಂದು ಕಿಲೋಗೆ ತೃಪ್ತರಾಗುವವರು ಅಲ್ಯುಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್ ಕೊಂಡು ನೆಮ್ಮದಿಯಾಗಿರಬಹುದು. ನನಗೆ ಹತ್ತರೊಳಗೆ ಬೇಕಿತ್ತು, ಏಕೆಂದರೆ ಮಡ್‌ಗಾರ್ಡು, ದೀಪ, ಬೆಲ್ಲು, ಬೀಗ ಎಲ್ಲ ಸೇರಿ ಮತ್ತೆ ಒಂದು ಕಿಲೋ ಏರುತ್ತದೆ, ಮೆಟ್ಟಿಲು ಹತ್ತುವುದು ಆ ಒಟ್ಟು ಭಾರ.

ಸಸ್ಪೆನ್ಷನ್ ಇಲ್ಲದಿದ್ದರೆ ನಮ್ಮ ರಸ್ತೆಗಳಲ್ಲಿ ಬೆನ್ನು ಉಳಿಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಟೈರಿನಲ್ಲಿದೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೂ ಸೈಕಲ್‌ಗಳಿಗೂ ಪ್ರವೇಶವಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದರೆ ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಹಂಪು, ಚೆಲ್ಲಿದ ಜಲ್ಲಿ, ಕಿತ್ತ ಡಾಂಬರು, ಎದುರಿನಿಂದ ಬರುವ ಎತ್ತಿನ ಗಾಡಿ. 28 ಮಿಲಿಮೀಟರ್ ಅಗಲದ ಟೈರಿಗೆ ಗಟ್ಟಿ ಗಾಳಿ ಹೊಡೆದು ಅಲ್ಲಿ ಹೋದರೆ ಹಲ್ಲು ಕಟಕಟ ಎನ್ನುತ್ತದೆ. 35 ಮಿಲಿಮೀಟರಿನ ಟೈರಿಗೆ ಐವತ್ತು ಪಿಎಸ್ಐ ಆಸುಪಾಸು ಗಾಳಿ ಹಾಕಿದರೆ ಅದೇ ರಸ್ತೆ ಸಹ್ಯವಾಗುತ್ತದೆ. ಕಾರ್ಬನ್ ರಸ್ತೆಯ ನಡುಕವನ್ನು ನುಂಗುತ್ತದೆ ಎಂಬ ಮಾತು ನಿಜವಿರಬಹುದು, ಆದರೆ ಅಗಲದ ಟೈರಿನ ಮುಂದೆ ಆ ಉಪಕಾರ ಸಣ್ಣದು. ಆದ್ದರಿಂದ ಫ್ರೇಮಿನಲ್ಲಿ ಎಷ್ಟು ಅಗಲದ ಟೈರು ಹಿಡಿಸುತ್ತದೆ ಎಂದು ಕೇಳಿಯೇ ಮುಂದುವರಿಯಬೇಕು. 38ಕ್ಕೆ ಜಾಗವಿದ್ದರೆ ಇನ್ನೂ ಒಳ್ಳೆಯದು.

ಸ್ಟ್ಯಾಂಡಿನ ಪ್ರಶ್ನೆ

ನಮ್ಮ ಊರಿನಲ್ಲಿ ಸೈಕಲ್ ಎಂದರೆ ಸ್ಟ್ಯಾಂಡು ಇರಲೇಬೇಕು. ಬಿಲ್ಲು ಮಾಡುವ ಹೊತ್ತಿಗೆ ಅಂಗಡಿಯವರೇ ಒಂದು ತಂದು ಬಿಗಿಯಲು ಶುರುಮಾಡುತ್ತಾರೆ. ಕಾರ್ಬನ್ ಫ್ರೇಮಿಗೆ ಅದು ಕೂಡದು. ಹಿಂದಿನ ಚಕ್ರದ ಪಕ್ಕದ ಕೊಳವೆಯನ್ನು ಎರಡು ಲೋಹದ ತುಂಡುಗಳ ನಡುವೆ ಒತ್ತಿ ಬಿಗಿಯುವ ಸ್ಟ್ಯಾಂಡು ತೆಳುವಾದ ಕಾರ್ಬನ್ ಗೋಡೆಯನ್ನು ಒಳಗೇ ಜಜ್ಜಬಲ್ಲದು. ಎಳೆ ಎಳೆತಕ್ಕೆ ಬಗ್ಗುವುದಿಲ್ಲ, ಅಡ್ಡ ಒತ್ತಡಕ್ಕೆ ಮಣಿಯುತ್ತದೆ. ಸೀಟಿನ ಕಂಬವನ್ನು ಬಿಗಿಯುವುದೂ ಹಾಗೆಯೇ. ಎಷ್ಟು ಬಿಗಿಯಬೇಕೆಂಬ ಅಂಕಿ ಅಲ್ಲೇ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್. ಅದನ್ನು ಅಳೆಯುವ ಸ್ಪ್ಯಾನರ್ ನಾನು ಕೊಂಡಿದ್ದೇನೆ. ನಮ್ಮ ಬೀದಿಯ ಕೊನೆಯಲ್ಲಿ ಹೊಂಗೆ ಮರದ ಕೆಳಗೆ ಕೂರುವ ಸೈಕಲ್ ರಿಪೇರಿಯವರು ಚಕ್ರದ ಓರೆ ತೆಗೆಯುವುದರಲ್ಲಿ ಎತ್ತಿದ ಕೈ, ಪಂಕ್ಚರಿಗೆ ಅವರ ಬಳಿಗೇ ಹೋಗುತ್ತೇನೆ. ಫ್ರೇಮಿನ ಬೋಲ್ಟು ಬಿಗಿಯುವ ಕೆಲಸ ಬಂದಾಗ ಮಾತ್ರ ನನ್ನ ಸ್ಪ್ಯಾನರ್ ಅವರ ಕೈಗೆ ಕೊಡುತ್ತೇನೆ. ಮೊದಲ ಸಲ ಅದು 'ಕ್ಲಿಕ್' ಎಂದಾಗ ಅವರು ಸ್ಪ್ಯಾನರನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಒಳ್ಳೆಯ ಸಾಮಾನಮ್ಮ, ಕೈಗೆ ಬುದ್ಧಿ ಹೇಳುತ್ತದೆ" ಎಂದರು.

ಅಲ್ಯುಮಿನಿಯಂಗೆ ಪೆಟ್ಟು ಬಿದ್ದರೆ ತಗ್ಗು ಕಾಣುತ್ತದೆ. ಕಾರ್ಬನ್‌ನಲ್ಲಿ ಮೇಲೆ ಏನೂ ಕಾಣದೆ ಒಳಗಿನ ಪದರ ಬಿಟ್ಟುಕೊಂಡಿರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಗಟ್ಟಿ ಇರುವಲ್ಲಿ ಠಣ್ ಎನ್ನುತ್ತದೆ, ಬಿಟ್ಟುಕೊಂಡ ಜಾಗದಲ್ಲಿ ಸದ್ದು ಮಂಕಾಗುತ್ತದೆ. ಅನುಮಾನ ಬಂದರೆ ತುಳಿಯದೆ ತಿಳಿದವರಿಗೆ ತೋರಿಸಬೇಕು. ಕಾರ್ಬನ್ ದುರಸ್ತಿಯಾಗುತ್ತದೆ, ಆದರೆ ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಲ. ಇಂಥ ಸೈಕಲ್ಲನ್ನು ಸ್ಕೂಟರುಗಳ ನಡುವೆ, ಬೇರೆ ಸೈಕಲ್‌ಗಳ ಹ್ಯಾಂಡಲ್ ಬಂದು ಬಡಿಯುವ ಜಾಗದಲ್ಲಿ ನಿಲ್ಲಿಸುವಂತಿಲ್ಲ. ಅದು ಮನೆಯೊಳಗೇ ಇರಬೇಕು. ಮನೆಯೊಳಗೆ ಒಯ್ಯುವಷ್ಟು ಹಗುರವಾಗಿದೆ ಎಂಬುದೇ ಅದನ್ನು ಕಾಪಾಡುತ್ತದೆ. ಕ್ಯಾರಿಯರ್ ಬೇಕೆನ್ನುವವರು ಫ್ರೇಮಿನಲ್ಲಿ ಅದಕ್ಕೆ ತಿರುಪಿನ ತೂತುಗಳಿವೆಯೇ, ಎಷ್ಟು ಭಾರಕ್ಕೆ ಒಪ್ಪಿಗೆ ಇದೆ ಎಂದು ನೋಡಬೇಕು. ಎಲ್ಲ ಕಾರ್ಬನ್ ಫ್ರೇಮಿನಲ್ಲೂ ಇರುವುದಿಲ್ಲ. ನನ್ನ ಸೊಪ್ಪು ಬೆನ್ನುಚೀಲದಲ್ಲಿ ಬರುತ್ತದೆ.

ಬೆಲೆ, ಅಳತೆ

ಬೆಲೆಯ ಮಾತು ಬಂದಾಗ ಮನೆಯಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾದರು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದದ್ದು ಸ್ವಲ್ಪ ಸಹಾಯವಾಯಿತು. ಆದರೂ ಲಕ್ಷ ದಾಟಿತು. ಅಷ್ಟಕ್ಕೆ ಒಳ್ಳೆಯ ಸ್ಕೂಟರೇ ಬರುತ್ತದಲ್ಲ ಎಂದು ತಂಗಿ ಹೇಳಿದಳು. ಬರುತ್ತದೆ. ಸ್ಕೂಟರಿನಲ್ಲಿ ಕುಳಿತು ಲಲಿತಮಹಲ್ ರಸ್ತೆಯ ಮರಗಳ ಕೆಳಗೆ ಹಾದುಹೋಗುವುದಕ್ಕೂ ಅಲ್ಲೇ ಸೈಕಲ್ ತುಳಿಯುತ್ತಾ ಎದೆ ತುಂಬ ಉಸಿರೆಳೆದುಕೊಳ್ಳುವುದಕ್ಕೂ ಹೋಲಿಕೆಯಿಲ್ಲ. ಮಂಡಿ ಸವೆಯದಂತೆ, ಸಕ್ಕರೆ ಏರದಂತೆ ಮುಂದಿನ ಹತ್ತಾರು ವರ್ಷ ನನ್ನನ್ನು ನಡೆಸಬೇಕಾದ ವಸ್ತುವಿಗೆ ಖರ್ಚು ಮಾಡಲು ನನಗೆ ಮುಜುಗರವಿಲ್ಲ. ದಿನವೂ ಬಳಸಿದರೆ ಮಾತ್ರ ಆ ಬೆಲೆ ನ್ಯಾಯ, ದಿನವೂ ಬಳಸಬೇಕಾದರೆ ಎತ್ತಲು ಸುಲಭವಿರಬೇಕು. ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ. 2017ರಲ್ಲಿ ನಮ್ಮ ಊರಿನಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಶುರುವಾದಾಗ ನನಗೆ ತುಂಬ ಹಿಡಿಸಿದ್ದೂ ಇದೇ ಕಾರಣಕ್ಕೆ: ತುಳಿದ ಮೇಲೆ ನಿಲ್ದಾಣದಲ್ಲಿ ಬಿಟ್ಟರೆ ಆಯಿತು, ಯಾರೂ ಮನೆಗೆ ಹೊತ್ತೊಯ್ಯಬೇಕಿಲ್ಲ. ಸ್ವಂತ ಸೈಕಲ್‌ಗೂ ಅಂಥ ನಿರಾಳ ಇರಬೇಕು.

ನನ್ನ ಎತ್ತರಕ್ಕೆ ಅತಿ ಸಣ್ಣ ಅಳತೆಯ ಫ್ರೇಮ್ ಬೇಕಿತ್ತು. ಅಂಗಡಿಯಲ್ಲಿ ಅದನ್ನು ತರಿಸಿಕೊಡುವೆವು ಎಂದರು, ಆದರೆ ತುಳಿದು ನೋಡಲು ಇರಲಿಲ್ಲ. ಮಧ್ಯಮ ಅಳತೆಯದನ್ನು ತುಳಿದು ಅಂದಾಜು ಮಾಡಿಕೊಳ್ಳಿ ಎಂದರು. ನಾನು ಒಪ್ಪಲಿಲ್ಲ. ಸಣ್ಣದು ಬರುವವರೆಗೆ ಕಾದೆ. ಬಂದ ಮೇಲೆ ತುಳಿಯುವುದಕ್ಕೂ ಮೊದಲು ಅದನ್ನು ಅಂಗಡಿಯ ಮೆಟ್ಟಿಲಿನಲ್ಲಿ ಒಂದು ಮಹಡಿ ಎತ್ತಿಕೊಂಡು ಹೋಗಿ ಇಳಿಸಿದೆ, ಮೊದಲು ಎಡತೋಳಿನಲ್ಲಿ, ಆಮೇಲೆ ಬಲತೋಳಿನಲ್ಲಿ. ಪೆಡಲ್ ಸಮೇತ 9.8 ಕಿಲೋ. ಭುಜ ಏನೂ ಅನ್ನಲಿಲ್ಲ. ಆಮೇಲೆ ಬೀದಿಗೆ ತಂದು ಎರಡೂ ಕಾಲು ನೆಲಕ್ಕೆ ಊರುತ್ತವೆಯೇ ಎಂದು ನಿಂತು ನೋಡಿದೆ, ಒಂದು ಕೈ ಬಿಟ್ಟು ಹಿಂದಿರುಗಿ ನೋಡುತ್ತಾ ತುಳಿದೆ, ಬ್ರೇಕಿನ ಹಿಡಿ ಬೆರಳಿಗೆ ದೂರವೆನಿಸಿದಾಗ ಹತ್ತಿರಕ್ಕೆ ತಿರುಪಿಸಿಕೊಟ್ಟರು. ಹಿಂದಿನ ಅತಿ ದೊಡ್ಡ ಗೇರ್ ಚಕ್ರಕ್ಕೆ 34 ಹಲ್ಲು, ಮುಂದಿನ ಸಣ್ಣದಕ್ಕೂ 34. ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ಬೆಟ್ಟಕ್ಕೆ ಇಷ್ಟು ಸಾಕು.

ಸಣ್ಣ ಅಳತೆಯ ನೇರ ಹ್ಯಾಂಡಲ್ ಸೈಕಲ್ ಒಂದನ್ನಾದರೂ ತುಳಿದು ನೋಡಲೆಂದು ಇಟ್ಟುಕೊಳ್ಳಿ ಎಂದು ಅಂಗಡಿಯವರಿಗೆ ಹೇಳಿ ಬಂದಿದ್ದೇನೆ. ಕೇಳುವವರು ಹೆಚ್ಚಾದರೆ ಇಡುತ್ತಾರೆ, ಆದ್ದರಿಂದ ದಯವಿಟ್ಟು ನೀವೂ ಕೇಳಿ. ಮೈಸೂರಿನಲ್ಲಿರುವ ಗೆಳತಿಯರಲ್ಲಿ ಯಾರಿಗಾದರೂ ಕೊಳ್ಳುವ ಮೊದಲು ಇಂಥದೊಂದನ್ನು ಕೈಯಲ್ಲಿ ಹಿಡಿದು ನೋಡುವ ಆಸೆಯಿದ್ದರೆ, ಭಾನುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಗೇಟಿನ ಬಳಿ ಇರುತ್ತೇನೆ. ನನ್ನದನ್ನು ಎತ್ತಿ ನೋಡಿ, ಒಂದು ಸುತ್ತು ತುಳಿದೂ ಬನ್ನಿ.